ಕೇಸ್‌ಪೇಪರ್ ಅಕ್ಕಾರ ಮೂರು ಹೆಸರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಅಂತಲ್ಲ, ಮರ್ಯಾದೆಗೆ ಅಂಜಿ ಅಂತಲೂ ಅಲ್ಲ. ಒಮ್ಮೆ ನನ್ನ ಕೈಯಾರೆ ಅವರ ಹೆಸರು ಬರೆದಿದ್ದೇನೆ, ಅದರಿಂದ ಆದದ್ದೇ ಸಾಕು ಅನಿಸಿದೆ. ಹೋದ ತಿಂಗಳು ಮೂಡಲಗಿಗೆ ಹೊರಟ ಬಸ್ಸಿನಲ್ಲಿ ನಮ್ಮ ಹಳೆಯ ಕಂಪೌಂಡರ್ ಸಿಕ್ಕಿದ್ದರು. ಮಾತಿನ ನಡುವೆ, ಯಾರೋ ಮನೆ ಬದಲಿಸಿದ ಸುದ್ದಿ ಹೇಳಿದ ಹಾಗೆ, "ಕೇಸ್‌ಪೇಪರ್ ಅಕ್ಕಾರು ಹ್ವಾದ್ರಂತ್ರಿ. ಎರಡ ತಿಂಗಳಾತಂತ" ಎಂದರು. ಏನಾಗಿತ್ತು, ಕೊನೆಗೆ ಹತ್ತಿರ ಯಾರಿದ್ದರು ಎಂದು ಕೇಳುವಷ್ಟರಲ್ಲಿ ಅವರ ಸ್ಟಾಪು ಬಂತು, ಚೀಲ ಎತ್ತಿಕೊಂಡು ಇಳಿದುಬಿಟ್ಟರು. ಅವತ್ತಿನಿಂದ ಬರೆಯಬೇಕು ಎಂದುಕೊಂಡು ಕೂತಿದ್ದೇನೆ. ಮೊದಲನೆಯ ಸಾಲಿಗೇ ಹೆಸರು ಬೇಕಾಗುತ್ತದೆ, ಅಲ್ಲೇ ಕೈ ನಿಲ್ಲುತ್ತದೆ.

ಒಂದು ಟ್ರಸ್ಟಿನ ಆಸ್ಪತ್ರೆ ಅದು. ಗೋಕಾಕದಲ್ಲಿ ದೊಡ್ಡದು, ಹುಕ್ಕೇರಿ ಮತ್ತು ಮೂಡಲಗಿಯಲ್ಲಿ ಒಂದೊಂದು ಸಣ್ಣ ಶಾಖೆ. ನಾನು ಕೌಜಲಗಿಯವನು, ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿ, ತೊಂಬತ್ತರ ದಶಕ ಮುಗಿದ ಹೊಸತರಲ್ಲಿ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಾಗಿ ಸೇರಿದೆ. ಎಲ್ಲರೂ ನನ್ನನ್ನು ಕಂಪ್ಯೂಟರ್ ಸರ್ ಎನ್ನುತ್ತಿದ್ದರು. ನಮ್ಮ ಕಡೆ ಆಸ್ಪತ್ರೆಗೆ ಹೋದವರು ಮೊದಲು ಮಾಡಿಸುವ ಚೀಟಿಗೆ ಕೇಸ್‌ಪೇಪರ್ ಎನ್ನುತ್ತಾರೆ. ಆ ಕಿಟಕಿಯ ಹಿಂದೆ ಕೂರುತ್ತಿದ್ದವರು ಅಕ್ಕಾರು. ಸಣ್ಣ ಆಳು, ಕನ್ನಡಕಕ್ಕೆ ಕಪ್ಪು ದಾರ, ಮೂರು ಕಾಲಕ್ಕೂ ತೋಳುದ್ದದ ಕುಪ್ಪಸ. ಜೈನರ ಮನೆಯವರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಚಳಿಗಾಲದಲ್ಲಿ ಸಂಜೆ ಪಾಳಿ ಇದ್ದರೆ ಐದೂವರೆಗೇ ಗೋಡೆಯ ಕಡೆ ಮುಖ ಮಾಡಿ ಡಬ್ಬಿ ಬಿಚ್ಚುತ್ತಿದ್ದರು. ಆ ಹತ್ತು ನಿಮಿಷ ಕಿಟಕಿಯ ಸಾಲು ಸುಮ್ಮನೆ ನಿಂತಿರುತ್ತಿತ್ತು. ಡಾಕ್ಟರ್ ತಡ ಮಾಡಿದರೆ ಕೂಗಾಡುವ ಜನ ಅವರ ಊಟಕ್ಕೆ ಮಾತ್ರ ಸಿಡಿಮಿಡಿ ಮಾಡಿದ್ದನ್ನು ನಾನು ಕಂಡಿಲ್ಲ.

ಅವರದೊಂದು ರೂಢಿ ನನಗೆ ಮೊದಲಿನಿಂದಲೂ ತಲೆನೋವಾಗಿತ್ತು. ಮದುವೆಯಾದ ಹೆಣ್ಣುಮಗಳು ಯಾರೇ ಬರಲಿ, ಹೆಸರು ಬರೆದುಕೊಂಡ ಮೇಲೆ ತಲೆ ಎತ್ತಿ ಕೇಳುತ್ತಿದ್ದರು:

"ತವರಮನಿ ಹೆಸರೇನವ್ವಾ?"

ಕೆಲವರು ನಾಚುತ್ತಿದ್ದರು, ಕೆಲವರು ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡುತ್ತಿದ್ದರು. ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿ ಸೊಸೆಗೆ ಅಡ್ಡಹೆಸರು, ಅಂದರೆ ಮನೆತನದ ಹೆಸರಷ್ಟೇ ಅಲ್ಲ, ಇಟ್ಟ ಹೆಸರೇ ಬದಲಾಗುತ್ತದೆ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಬೆಳಿಗ್ಗೆ ಒಬ್ಬಳಾಗಿ ಎದ್ದವಳು ಸಂಜೆ ಇನ್ನೊಬ್ಬಳಾಗಿ ಮಲಗುತ್ತಾಳೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದರಿಂದ ಆಸ್ಪತ್ರೆಗೆ ಅವಳ ತವರಿನವರೇ ಕರೆತರುತ್ತಾರೆ, ಬಾಯಿರೂಢಿಯಂತೆ ಹಳೆಯ ಹೆಸರನ್ನೇ ಬರೆಸುತ್ತಾರೆ. ಎರಡನೆಯದಕ್ಕೆ ಗಂಡನ ಮನೆಯ ಹೆಸರಿನಲ್ಲಿ ಬರುತ್ತಾಳೆ. ದಾಖಲೆಯಲ್ಲಿ ಇಬ್ಬರು ಹೆಂಗಸರು, ಹಾಸಿಗೆಯ ಮೇಲೆ ಒಬ್ಬಳು.

ನಮ್ಮ ಪ್ರೋಗ್ರಾಮಿನಲ್ಲಿ ಹೆಸರಿಗೆ ಇದ್ದದ್ದು ಒಂದೇ ಜಾಗ. ಅಕ್ಕಾರು ಉಪಾಯ ಹುಡುಕಿದ್ದರು. ತವರಿನ ಹೆಸರನ್ನು ವಿಳಾಸದ ಜಾಗದಲ್ಲಿ ಊರಿನ ಹೆಸರಿನ ಹಿಂದೆ ತುರುಕುತ್ತಿದ್ದರು. ನಾನು ತಿಂಗಳ ಪಟ್ಟಿ ತೆಗೆದರೆ ಲಕ್ಷ್ಮಿ, ಪದ್ಮಾವತಿ, ಶಾಂತಾ ಎಂಬ ಊರುಗಳೆಲ್ಲ ಗೋಕಾಕ ತಾಲೂಕಿನಲ್ಲಿ ಹುಟ್ಟಿಕೊಂಡಿರುತ್ತಿದ್ದವು. ನಾನು ಮೊದಲೇ ಮುಂಗೋಪಿ. ಒಂದು ದಿನ ಆ ಕಾಗದ ಹಿಡಿದುಕೊಂಡು ಹೋಗಿ ಕಿಟಕಿಯ ಮುಂದೆ ಸಾಲು ನಿಂತಿರುವಾಗಲೇ ಬೈದುಬಿಟ್ಟೆ. ವಿಳಾಸ ಅಂದರೆ ವಿಳಾಸ, ಇದೇನು ಹರಟೆಕಟ್ಟೆಯೇ ಎಂದೆ.

ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ಹೆಣ್ಣಮಗಳ ವಿಳಾಸ ತವರಮನಿ ಹೆಸರಲ್ಲೇನ್ರಿ ಸರ್" ಎಂದರು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ನಕ್ಕಳು. ನಾನು ವಾಪಸು ಬಂದು ಆ ಜಾಗವನ್ನು ಹೇಗೆ ಬಂದ್ ಮಾಡಬಹುದು ಎಂದು ನೋಡತೊಡಗಿದೆ.

ಬಂದ್ ಮಾಡುವ ಮೊದಲೇ ಒಂದು ಘಟನೆ ನಡೆಯಿತು. ಹುಕ್ಕೇರಿ ಕಡೆಯಿಂದ ಜ್ವರದಲ್ಲಿ ನಡುಗುತ್ತಿದ್ದ ಒಬ್ಬ ಬಸುರಿಯನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಮೈಮೇಲೆ ಖಬರಿರಲಿಲ್ಲ. ಡಾಕ್ಟರ್ ಇಂಜೆಕ್ಷನ್ ಬರೆದರು. ಅಕ್ಕಾರು ಅವಳ ಅತ್ತೆಯನ್ನು ತಮ್ಮ ಮಾಮೂಲಿ ಪ್ರಶ್ನೆ ಕೇಳಿದರು, ಅತ್ತೆ ಗೊಣಗುತ್ತಲೇ ಹೇಳಿದಳು. ಅಕ್ಕಾರು ಆ ಹೆಸರಿನ ಮೇಲೆ ಗೋಕಾಕದ ಹಳೆಯ ದಾಖಲೆ ತೆರೆದು ನೋಡಿ, ಎದ್ದು ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎರಡು ವರ್ಷದ ಹಿಂದೆ ಇದೇ ಹುಡುಗಿ ತವರಿನ ಹೆಸರಿನಲ್ಲಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಆಗ ಇದೇ ಇಂಜೆಕ್ಷನ್ ಒಗ್ಗದೆ ಮೈಯೆಲ್ಲ ಬಾತು, ಉಸಿರು ಕಟ್ಟಿ, ಕಷ್ಟದಿಂದ ಬದುಕಿದ್ದಳು. ಡಾಕ್ಟರ್ ಬೇರೆ ಔಷಧಿ ಬರೆದರು. ಹುಡುಗಿ ಎದ್ದು ಮನೆಗೆ ಹೋದಳು. ನಾನು ವಿಳಾಸದ ಜಾಗವನ್ನು ಮುಟ್ಟಲಿಲ್ಲ, ಅಕ್ಕಾರ ಮುಂದೆ ತಪ್ಪಾಯಿತು ಎಂದೂ ಹೇಳಲಿಲ್ಲ. ಅದನ್ನು ಹೇಳಬೇಕಿತ್ತು.

ಇನ್ನು ನನ್ನ ಸ್ವಂತ ಕಷ್ಟದ ಮಾತು. ಮೂರು ಆಸ್ಪತ್ರೆಗಳು ಮೂರು ಬೇರೆ ಬೇರೆ ಕಡೆಯಿಂದ ಪ್ರೋಗ್ರಾಮು ಕೊಂಡಿದ್ದವು. ನೋಂದಣಿಗೆ ಒಂದು, ರಕ್ತ ಪರೀಕ್ಷೆಗೆ ಒಂದು, ಔಷಧಿಗೆ ಇನ್ನೊಂದು. ಫೋನಿನ ತಂತಿಯ ಮೇಲೆ ಮೂರೂ ಊರನ್ನು ಜೋಡಿಸಿದ ಮೇಲಂತೂ ಒಬ್ಬೊಬ್ಬರಿಗೆ ನಾಲ್ಕೈದು ಹೆಸರು, ನಾಲ್ಕೈದು ಪಾಸ್‌ವರ್ಡ್. ದೊಡ್ಡ ಡಾಕ್ಟರು ಪಾಸ್‌ವರ್ಡನ್ನು ಕೈಬೆರಳುಗಳ ಮೇಲೆ ಬರೆದುಕೊಂಡು ಬಂದು, ಕೈ ತೊಳೆದು, ನನಗೆ ಫೋನ್ ಮಾಡುತ್ತಿದ್ದರು. ನರ್ಸುಗಳು ಕೀಬೋರ್ಡಿನ ಅಡಿಗೆ ಚೀಟಿ ಅಂಟಿಸಿದ್ದರು. ಅರ್ಧ ಆಸ್ಪತ್ರೆಯ ಪಾಸ್‌ವರ್ಡು ಮನೆದೇವರ ಹೆಸರು, ಮುಂದೆ ಒಂದು ಎರಡು ಮೂರು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನನ್ನ ಕೆಲಸ ಇದೇ. "ಕಂಪ್ಯೂಟರ್ ಸರ್, ಬಾಗಲಾ ತಗೀವಲ್ದರಿ."

ಅಕ್ಕಾರು ಒಬ್ಬರೇ ಎಂದೂ ಕರೆಯದವರು. ಅವರಿಗೂ ಮೂರು ಹೆಸರಿದ್ದವು, ಆದರೆ ಉಳಿದವರ ಹಾಗಲ್ಲ. ಲಗ್ನಕ್ಕೆ ಮೊದಲು ಗೋಕಾಕದಲ್ಲಿ ಕೆಲಸಕ್ಕೆ ಸೇರಿದಾಗ ಅವರದು ಸಾಲಿಯ ಹೆಸರು, ಅಪ್ಪ ಇಟ್ಟು ಶಾಲೆಯಲ್ಲಿ ಬರೆಸಿದ್ದು. ಹುಕ್ಕೇರಿಗೆ ಸೊಸೆಯಾಗಿ ಹೋಗಿ ಅಲ್ಲಿನ ಶಾಖೆಗೆ ವರ್ಗವಾದಾಗ, ಅಲ್ಲಿನ ಪ್ರೋಗ್ರಾಮಿನಲ್ಲಿ ಗಂಡನ ಮನೆಯವರು ಇಟ್ಟ ಹೆಸರು. ನಾಲ್ಕು ವರ್ಷಕ್ಕೆ ಅಲ್ಲಿಂದ ಎದ್ದು ಕಲ್ಲೋಳಿಯ ತವರಿಗೆ ಬಂದು ಮೂಡಲಗಿ ಶಾಖೆಗೆ ಸೇರಿದಾಗ, ಅಲ್ಲಿ ಪ್ರೋಗ್ರಾಮು ಕೂರಿಸಿದ್ದವನು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದು ಮುಂದೆ ಊರಿನ ಹೆಸರು ಹಾಕಿದ್ದ. ನಾನು ಸೇರುವ ಹೊತ್ತಿಗೆ ಅವರು ಮತ್ತೆ ಗೋಕಾಕದಲ್ಲಿದ್ದರು. ಮೂರು ಊರಿನ ದಾಖಲೆ ಹುಡುಕಲು ಮೂರು ಹೆಸರಿನಲ್ಲಿ ಒಳಗೆ ಹೋಗಿ ಬರುತ್ತಿದ್ದರು. ಹುಕ್ಕೇರಿಯದನ್ನು ತೆರೆಯುವಾಗ ಮಾತ್ರ ಕೀಲಿಗಳ ಮೇಲೆ ಬೆರಳು ಸ್ವಲ್ಪ ಜೋರಾಗಿ ಬೀಳುತ್ತಿತ್ತು. ಅದನ್ನು ನಾನು ಆಗ ಗಮನಿಸಿದ್ದೆನೋ, ಈಗ ಹಾಗೆ ಅನಿಸುತ್ತಿದೆಯೋ, ಆಣೆ ಮಾಡಿ ಹೇಳಲಾರೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ, ಎಲ್ಲ ಪ್ರೋಗ್ರಾಮುಗಳನ್ನೂ ಪುಣೆಯ ಒಂದು ಕಂಪನಿಯ ಯಂತ್ರಗಳಲ್ಲಿಟ್ಟು, ಇಂಟರ್ನೆಟ್ಟಿನ ಮೂಲಕ ತೆರೆಯುವ ಏರ್ಪಾಡು ಬಂತು. ಅದರ ಜೊತೆಗೆ ಬಂದದ್ದು ಒಂದೇ ಲಾಗಿನ್. ಬೆಳಿಗ್ಗೆ ಒಂದು ಸಲ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಂಜೆಯವರೆಗೆ ಎಲ್ಲ ಬಾಗಿಲೂ ತೆರೆದಿರುತ್ತವೆ. ಟ್ರಸ್ಟಿನವರಿಗೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು. ಆರು ತಿಂಗಳು ಬೆನ್ನು ಹತ್ತಿ ಒಪ್ಪಿಸಿದೆ. ಸಭೆ ಕರೆದು ಎಲ್ಲರ ಮುಂದೆ ಮಾಡಿ ತೋರಿಸಿದಾಗ ದೊಡ್ಡ ಡಾಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಚಪ್ಪಾಳೆ ಅದೊಂದೇ, ಅದಕ್ಕೇ ಅದನ್ನು ಇನ್ನೂ ಹೇಳಿಕೊಂಡು ತಿರುಗುತ್ತೇನೆ.

ಸಭೆ ಮುಗಿದ ಮೇಲೆ ಅಕ್ಕಾರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಸರ್, ಒಂದ ಹೆಸರಿನ್ಯಾಗ ಮೂರೂ ಊರ ತಗೀತೈತೇನ್ರಿ?"

"ಹೌದ್ರಿ ಅಕ್ಕಾರ. ಇನ್ಮ್ಯಾಲ ಒಬ್ರಿಗೆ ಒಂದ ಹೆಸರು."

"ಯಾವ ಹೆಸರು ಅಂತ ಯಾರ ಹೇಳ್ತಾರ್ರಿ?"

"ನೀವ ಹೇಳ್ರಿ. ಫಾರ್ಮ್ ಕೊಡತೇನಿ, ತುಂಬಿ ಕೊಡ್ರಿ."

ಇದನ್ನು ನಾನು ಹೇಳಿದ್ದು ಹೌದು. ಯೋಚಿಸದೆ ಹೇಳಿದೆ, ಆದರೆ ಹೇಳಿದೆ. ಉಳಿದವರೆಲ್ಲ ಆ ಫಾರ್ಮನ್ನು ನಿಂತಲ್ಲೇ ತುಂಬಿ ಕೊಟ್ಟರು. ಅವರು ಮನೆಗೆ ಒಯ್ದು ಎರಡು ದಿನ ಇಟ್ಟುಕೊಂಡು, ಮೂರನೆಯ ದಿನ ತಂದರು. ಸಾಲಿಯ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಎಲ್ಲ ಕಾಪಿ ಪುಸ್ತಕದ ಅಕ್ಷರದಲ್ಲಿ. ನಾನು ಅದನ್ನು ತೆಗೆದುಕೊಂಡಾಗ ಅವರು ಹೋಗದೆ ಕುರ್ಚಿಯ ಮೇಲೆ ಕೂತರು. ತಮ್ಮ ಸಂಸಾರದ ಮಾತನ್ನು ಅವರು ಆಡಿದ್ದು ಆವತ್ತೇ.

ಹುಕ್ಕೇರಿಯ ಅವರ ಅತ್ತೆಗೆ ಒಬ್ಬಳು ಮಗಳಿದ್ದಳಂತೆ. ಹದಿನಾರಕ್ಕೆ ಜ್ವರ ಬಂದು ತೀರಿಕೊಂಡಳು. ವರ್ಷದೊಳಗೆ ಮಗನ ಲಗ್ನ ಮಾಡಿದರು. ಅಕ್ಕಿಯ ತಾಟಿನ ಮೇಲೆ ಮದುಮಗ ಬರೆದದ್ದು ಆ ಸತ್ತ ಹುಡುಗಿಯ ಹೆಸರು. ಅಲ್ಲಿಂದ ಅಕ್ಕಾರಿಗೆ ಅವಳ ಸೀರೆ, ಅವಳ ತಾಟು, ಅವಳು ಇಷ್ಟಪಡುತ್ತಿದ್ದ ಪಲ್ಯ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಅತ್ತೆ ತಲೆ ಬಾಚಿ ಜಡೆ ಹೆಣೆಯುತ್ತಿದ್ದಳಂತೆ, ಸ್ವಂತ ಮಗಳಿಗೆ ಹೆಣೆದ ಹಾಗೆ.

"ಭಾಳ ಛಂದ ನೋಡ್ಕೊಂಡ್ರರಿ" ಎಂದರು ಅಕ್ಕಾರು. "ಆದ್ರ ನನ್ನಲ್ಲ. ನಾ ಆ ಮನ್ಯಾಗ ಇರಲೇ ಇಲ್ರಿ. ಅಕ್ಕಿ ಮ್ಯಾಲ ಬರದಿದ್ದು, ತಾಟ ಒಂಚೂರ ಅಳ್ಳಾಡಿಸಿದ್ರ ಅಳಿಸಿ ಹೋಗತಿತ್ತು. ಆವಾಗ ಬುದ್ಧಿ ಬರಲಿಲ್ಲ."

ನಾನು ಫಾರ್ಮಿನ ಮೇಲೆ ಸಹಿ ಮಾಡಿದೆ. ಆಯಿತು ಬಿಡ್ರಿ ಎಂದೆ.

ಆಗಲಿಲ್ಲ. ವಾರದೊಳಗೆ ಆಡಳಿತ ಕಚೇರಿಯಿಂದ ಆದೇಶ ಬಂತು. ಲಾಗಿನ್ ಹೆಸರು ನೌಕರರ ಸೇವಾ ಪುಸ್ತಕದಲ್ಲಿ ಇದ್ದ ಹಾಗೆಯೇ ಇರತಕ್ಕದ್ದು, ಫಾರ್ಮುಗಳನ್ನು ಅದಕ್ಕೆ ತಾಳೆ ನೋಡತಕ್ಕದ್ದು. ಅಕ್ಕಾರ ಸೇವಾ ಪುಸ್ತಕ ತೆಗೆದು ನೋಡಿದೆ. ಮೊದಲನೆಯ ಪುಟದ ಹೆಸರಿಗೆ ಕೆಂಪು ಶಾಯಿಯ ಗೆರೆ, ಮೇಲೆ ಹುಕ್ಕೇರಿಯ ಹೆಸರು. ಲಗ್ನವಾದ ಹೊಸತರಲ್ಲಿ ಗಂಡ ಅಫಿಡವಿಟ್ ಮಾಡಿಸಿ ತಂದು ಕೊಟ್ಟಿದ್ದ. ಮೂಡಲಗಿಗೆ ಬಂದಾಗ ಪುಸ್ತಕ ತಿದ್ದುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಆಡಳಿತಾಧಿಕಾರಿ ಕೆಟ್ಟ ಮನುಷ್ಯರಲ್ಲ. ನಾನು ಹೋಗಿ ಹೇಳಿದಾಗ ಚಹಾ ತರಿಸಿದರು. "ಯಾವ ಹೆಸರಿದ್ರ ಏನ್ರಿ? ಕೆಲಸ ಅದಽ, ಪಗಾರ ಅದಽ. ಹೆಸರ ಹೆಂಗ ಬೇಕ ಹಂಗ ಬದಲಿ ಮಾಡಕೋತ ಹೊಂಟ್ರ ನಾಳೆ ಎಲ್ಲಾರೂ ಬರತಾರ" ಎಂದರು. ಆಮೇಲೆ ನನ್ನ ಮುಖ ನೋಡಿ, ಬದಲಿಸಿದವರೇ ಬಂದು ಸಹಿ ಮಾಡಿ ಹಳೆಯ ಅಫಿಡವಿಟ್ ರದ್ದು ಮಾಡಿಸಿಕೊಟ್ಟರೆ ತಾವು ತಿದ್ದುವುದಾಗಿ ಹೇಳಿದರು. ಅಂದರೆ ಗಂಡನ ಸಹಿ ಬೇಕು. ಗಂಡ ಅವರನ್ನು ಬಿಟ್ಟಿರಲಿಲ್ಲ, ಕರೆದೂ ಇರಲಿಲ್ಲ. ಕೋರ್ಟಿಗೆ ಇಬ್ಬರೂ ಹೋಗಿರಲಿಲ್ಲ.

ಅಕ್ಕಾರಿಗೆ ಹೇಳಿದೆ. ಆ ಊರಿಗೆ ತಾವು ಕಾಲಿಡುವುದಿಲ್ಲ ಎಂದರು. ಹೇಗೂ ಯಂತ್ರ ಕೂರಿಸಲು ಹುಕ್ಕೇರಿ ಶಾಖೆಗೆ ನಾನು ಹೋಗುವವನಿದ್ದೆ. ನಾನೇ ಕೇಳಿ ಬರುತ್ತೇನೆ ಎಂದೆ.

ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಗಂಡ ಬಟ್ಟೆ ಅಂಗಡಿಯವರು, ಮೆದು ಮಾತಿನವರು. ಬರ್ರಿ, ಕೂಡ್ರಿ ಎಂದು ಚಾಪೆ ಹಾಸಿದರು. ನಾನು ವಿಷಯ ಹೇಳಿದೆ, ಕಾಗದ ಮುಂದಿಟ್ಟೆ. ಅವರು ಅದನ್ನು ಎರಡು ಸಲ ಓದಿ, ಮಡಿಚಿ, ನನ್ನ ಕಡೆಗೇ ಸರಿಸಿದರು. "ನನಗೇನೂ ಅಡ್ಡಿ ಇಲ್ರಿ. ಆದ್ರ ಅವ್ವ ಇರೋತನಕ ನನ್ನ ಕೈಲೆ ಆಗೂದಿಲ್ಲ."

ಒಳಗೆ ಕೂತಿದ್ದ ಮುದುಕಿ ಎಲ್ಲ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಕೂತಳು. ನಾನು ಜಗಳಕ್ಕೆ ತಯಾರಾಗಿದ್ದೆ. ಬಸ್ಸಿನಲ್ಲಿ ಬರುವಾಗ ಆಡಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ.

"ಅದು ನನ್ನ ಮಗಳ ಹೆಸರಪ್ಪಾ" ಎಂದಳು. "ಆಕಿ ಹ್ವಾದ ಮ್ಯಾಲ ದಿನಕ್ಕ ಹತ್ತ ಸಲ ಕರೀಬೇಕನಸ್ತಿತ್ತು. ಕರದ್ರ ಯಾರರೆ ಓ ಅನಬೇಕಲ್ಲ? ಅದಕ ಸೊಸಿಗಿಟ್ಟೆ. ತಪ್ಪಾತೇನೋ, ನನಗ ಗೊತ್ತಾಗಲಿಲ್ಲ. ಈಗ ಆಕೀನೂ ಇಲ್ಲಿಲ್ಲ. ದವಾಖಾನ್ಯಾಗ ಆ ಹೆಸರಿನಾಕಿ ಒಬ್ಬಾಕಿ ಅದಾಳ, ಕೆಲಸಾ ಮಾಡತಾಳ ಅಂತ ಅನಕೊಂಡ ಕುಂತೇನಿ. ಅದೊಂದ ಅಳಿಸಬ್ಯಾಡ್ರಿ."

ಅವಳು ಕೊಟ್ಟ ಚುರುಮುರಿ ತಿಂದು, ಚಹಾ ಕುಡಿದು, ಕಾಗದ ಕಿಸೆಗೆ ಹಾಕಿಕೊಂಡು ಎದ್ದು ಬಂದೆ. ಅಷ್ಟು ಕೈಲಾಗದವನು ನಾನು ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಗೋಕಾಕಕ್ಕೆ ಬಂದು ಅಕ್ಕಾರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು.

"ಇನ್ನೂ ಕರೀತಾರೇನ್ರಿ, ಅತ್ತಿ?"

"ಹಂಗ ಅನಸ್ತೈತಿ."

"ನಾಕ ವರ್ಷ ಓ ಅಂದೇನ್ರಿ ನಾನೂ" ಎಂದರು. ಅಷ್ಟೇ. ಅತ್ತೆಗೂ ಹೆಸರಿಡಲಿಲ್ಲ, ಗಂಡನಿಗೂ ಇಡಲಿಲ್ಲ. ನಮ್ಮ ಕಡೆ ಹೆಸರಿಡುವುದು ಎಂದರೆ ತಪ್ಪು ಹುಡುಕುವುದು ಎಂದೂ ಅರ್ಥ ಇದೆ. ಆ ಕೆಲಸ ಅವರಿಗೆ ಬರುತ್ತಿರಲಿಲ್ಲ.

ಹಳೆಯ ಲಾಗಿನ್‌ಗಳೆಲ್ಲ ಬಂದ್ ಆಗುವುದು ಒಂದು ಸೋಮವಾರ ಎಂದು ಗೊತ್ತಾಗಿತ್ತು. ಆದಿತವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಉಳಿದದ್ದು ಅವರೊಬ್ಬರೇ. ಪರದೆಯ ಮೇಲೆ ಅವರ ಮೂರೂ ಹೆಸರು ಸಾಲಾಗಿ ನಿಂತಿದ್ದವು, ಸೇವಾ ಪುಸ್ತಕದ್ದರ ಮುಂದೆ ಹಸಿರು ಗುರುತು. ಒಂದುಗೂಡಿಸಬೇಕೇ ಎಂದು ಯಂತ್ರ ಕೇಳುತ್ತಿತ್ತು. ಒಂದುಗೂಡಿಸಿದ ಮೇಲೆ ಬೇರ್ಪಡಿಸಲು ಬರುವುದಿಲ್ಲ ಎಂದೂ ಕೆಳಗೆ ಬರೆದಿತ್ತು. ಒತ್ತದಿದ್ದರೆ ಬೆಳಿಗ್ಗೆ ಅವರಿಗೆ ಯಾವ ಬಾಗಿಲೂ ತೆರೆಯುವುದಿಲ್ಲ, ಕಿಟಕಿಯ ಮುಂದೆ ಸಾಲು ನಿಂತಿರುತ್ತದೆ. ಅವರಿಗೆ ಫೋನ್ ಮಾಡಿ ಕೇಳಬಹುದಿತ್ತು. ಏನು ಹೇಳುತ್ತಾರೋ ಎಂಬ ಅಂಜಿಕೆಗೆ ಮಾಡಲಿಲ್ಲ. ಒತ್ತಿದೆ.

ಬೆಳಿಗ್ಗೆ ಅವರು ಬಂದು ಕೂತು, ನಾನು ಚೀಟಿಯಲ್ಲಿ ಬರೆದಿಟ್ಟದ್ದನ್ನು ಒಂದೊಂದೇ ಅಕ್ಷರವಾಗಿ ಒತ್ತಿದರು. ಸ್ವಾಗತ ಎಂಬ ಮಾತಿನ ಮುಂದೆ ಆ ಹೆಸರು ಬಂತು. ಮೂರು ಊರೂ ಒಂದೇ ಸಲಕ್ಕೆ ತೆರೆದವು. ಅವರು ಯಾರನ್ನೂ ಕರೆಯಲಿಲ್ಲ. ಮೊದಲನೆಯ ಕೇಸ್‌ಪೇಪರ್ ಬರೆದು, ಕಿಟಕಿಯಲ್ಲಿ ನಿಂತಿದ್ದ ಬಾಣಂತಿಯನ್ನು ತವರಮನಿ ಹೆಸರೇನವ್ವಾ ಎಂದು ಕೇಳಿದರು. ಹೊಸ ಪ್ರೋಗ್ರಾಮಿನಲ್ಲಿ ವಿಳಾಸದ ಜಾಗದಲ್ಲಿ ಬರೆಯಲು ಬರುತ್ತಿರಲಿಲ್ಲ, ಊರುಗಳ ಪಟ್ಟಿಯಿಂದ ಆರಿಸಬೇಕಿತ್ತು. ಕೇಳಿದ ಹೆಸರನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಅಂಗೈ ಮೇಲೆ ಬರೆದುಕೊಂಡದ್ದನ್ನು ನಾನು ಬಾಗಿಲಿನಿಂದ ನೋಡಿದೆ.

ನಾನೊಂದು ಕಳ್ಳ ಉಪಾಯ ಮಾಡಿದೆ. ಪರದೆಯ ಮೇಲೆ ಕಾಣುವ ಹೆಸರನ್ನಷ್ಟೇ ನನ್ನ ಕಡೆಯಿಂದ ಬದಲಿಸಬಹುದಿತ್ತು. ಆದರೆ ಯಂತ್ರ ದಿನವೂ ಆಡಳಿತ ಕಚೇರಿಯ ಕಂಪ್ಯೂಟರಿನಲ್ಲಿದ್ದ ಸೇವಾ ಪುಸ್ತಕದ ನಕಲು ತರಿಸಿಕೊಂಡು, ಬೆಳಗಾಗುವುದರೊಳಗೆ ತಾನೇ ತಿದ್ದಿಕೊಂಡುಬಿಡುತ್ತಿತ್ತು. ಹಾಗಾಗಿ ನಾನು ದಿನಾ ಏಳೂವರೆಗೇ ಬಂದು, ಅವರು ಬರುವ ಮೊದಲು ಅವರ ಅಪ್ಪ ಇಟ್ಟ ಹೆಸರನ್ನು ಹಾಕಿ ಇಡುತ್ತಿದ್ದೆ. ಅವರು ಒತ್ತುವುದು ಹುಕ್ಕೇರಿಯ ಹೆಸರು, ತೆರೆದ ಮೇಲೆ ಕಾಣುವುದು ಅವರದೇ ಹೆಸರು. ಹನ್ನೊಂದು ದಿನ ಹೀಗೆ ನಡೆಯಿತು. ನನ್ನ ಹೆಂಡತಿ ನನಗೆ ಬಡ್ತಿಯ ಆಸೆ ಹುಟ್ಟಿದೆ ಎಂದುಕೊಂಡಳು.

ಹನ್ನೆರಡನೆಯ ದಿನ ನಾನು ಬರುವ ಹೊತ್ತಿಗೆ ಅಕ್ಕಾರು ನನ್ನ ಕೋಣೆಯ ಮುಂದೆ ನಿಂತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು.

"ಸರ್, ನೀವು ಇಷ್ಟ ಲಗೂ ಬರಬ್ಯಾಡ್ರಿ."

ನಾನು ಏನೂ ಗೊತ್ತಿಲ್ಲದವನ ಹಾಗೆ ಕಿಸೆಯಲ್ಲಿ ಕೋಣೆಯ ಕೀಲಿ ಹುಡುಕತೊಡಗಿದೆ.

"ನಿಮ್ಮ ಮನಸ ನನಗ ಗೊತ್ತೈತಿ. ಆದ್ರ ದಿನಾ ಮುಂಜಾನೆ ಯಾರರೆ ನನಗ ಹೆಸರಿಟ್ಟ ಕೊಡೂದು ಬ್ಯಾಡ್ರಿ. ಒಮ್ಮಿ ಇಟ್ಟಿದ್ದಽ ಸಾಕಾಗೇತಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅದೇ ವಾರ ವರ್ಗಕ್ಕೆ ಅರ್ಜಿ ಕೊಟ್ಟರು, ಲಾಂಡ್ರಿ ಕೋಣೆಗೆ. ಆಸ್ಪತ್ರೆಯ ಚಾದರ, ದಿಂಬಿನ ಚೀಲ ಎಣಿಸಿ ಇಡುವ ಜಾಗ. ಅಲ್ಲಿ ಕಂಪ್ಯೂಟರ್ ಇರಲಿಲ್ಲ, ಒಂದು ವಹಿ ಮತ್ತು ಪೆನ್ಸಿಲ್ ಇತ್ತು. ಆಡಳಿತಾಧಿಕಾರಿಗೆ ಅರ್ಥವಾಗಲಿಲ್ಲ. ಕುರ್ಚಿಯ ಕೆಲಸ ಬಿಟ್ಟು ಸೋಡಾದ ವಾಸನೆಗೆ ಯಾರಾದರೂ ಹೋಗುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ನನಗೆ ಅರ್ಥವಾಗಿತ್ತು. ಕಿಟಕಿಗೆ ಬಂದ ಹೊಸ ಹುಡುಗಿ ಕೈ ಚುರುಕಿನವಳು, ಸಾಲು ಬೇಗ ಕರಗತೊಡಗಿತು. ಅವಳು ಒಂದೇ ಹೆಸರು ಕೇಳುತ್ತಿದ್ದಳು. ಆ ಮೇಲೆ ಎಷ್ಟು ಹೆಂಗಸರ ಹಳೆಯ ಕಾಗದ ಸಿಗದೆ ಹೋಯಿತೋ, ಅದನ್ನು ಲೆಕ್ಕ ಇಡುವವರು ಯಾರೂ ಇರಲಿಲ್ಲ.

ಲಾಂಡ್ರಿ ಕೋಣೆಯಲ್ಲಿ ಅವರು ಸುಖವಾಗಿದ್ದರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮಧ್ಯಾಹ್ನ ಆ ಕಡೆ ಹೋದರೆ ಒಗೆಯುವ ಹೆಂಗಸರ ನಡುವೆ ಕೂತು ನಗುತ್ತಿರುತ್ತಿದ್ದರು. ವಹಿಯ ಮೇಲೆ ತಮ್ಮ ಹೆಸರು ತಾವೇ ಬರೆದುಕೊಂಡಿದ್ದರು. ಆ ಹೆಸರು ಇದ್ದದ್ದು ಅಲ್ಲೊಂದೇ ಕಡೆ.

ಎರಡು ವರ್ಷದ ಮೇಲೆ ಹಾಜರಿಗೆ ಹೆಬ್ಬಟ್ಟಿನ ಯಂತ್ರ ಬಂತು. ಬಾಗಿಲಲ್ಲಿ ಗೋಡೆಗೆ ಹಾಕಿದ ಸಣ್ಣ ಡಬ್ಬಿ, ಬಟ್ಟು ಇಟ್ಟರೆ ಹಾಜರಿ ಬೀಳುತ್ತದೆ. ಡಾಕ್ಟರುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಗೊಣಗಿದರು. ಓದಿದವರು ಹೆಬ್ಬಟ್ಟು ಒತ್ತುವುದೇ ಎಂದು ಕೆಲವರಿಗೆ ಅವಮಾನವಾಯಿತು. ಅಕ್ಕಾರು ಮಾತ್ರ ನನ್ನನ್ನು ಹುಡುಕಿಕೊಂಡು ಬಂದರು.

"ಇದಕ ಹೆಸರ ಬರೀಬೇಕಾಗೂದಿಲ್ಲಲ್ರಿ ಸರ್?"

"ಇಲ್ರಿ. ಬಟ್ಟ ಇಟ್ರ ಸಾಕು."

"ಬರೇ ಬಟ್ಟ?"

"ಬರೇ ಬಟ್ಟ."

ಅವರ ಮುಖದಲ್ಲಿ ಬಂದ ನಿರಾಳವನ್ನು ನಾನು ನೋಡಿದೆ. ಎಷ್ಟೋ ದಿನದ ಮೇಲೆ ನನ್ನ ಕೈಯಿಂದ ಅವರಿಗೊಂದು ಒಳ್ಳೆಯದಾಯಿತು ಎಂದು ನನಗೂ ಹಿಗ್ಗಾಯಿತು. ಯಂತ್ರ ತಂದವರು ಬೇರೆಯವರು, ಎಲ್ಲರ ಬಟ್ಟಿನ ಗುರುತು ನೌಕರರ ನಂಬರಿನ ಮೇಲೆ ತೆಗೆದುಕೊಂಡು ಅದನ್ನು ನನ್ನ ಲಾಗಿನ್ ಪಟ್ಟಿಗೆ ಜೋಡಿಸಿದವರೂ ಅವರೇ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ನೋಡಿಕೊಳ್ಳದೆ ಹೇಳಿದ್ದೆ.

ಮೊದಲನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಉದ್ದ ಸಾಲಿತ್ತು. ಅವರ ಪಾಳಿ ಬಂದಾಗ ಸೆರಗಿಗೆ ಕೈ ಒರೆಸಿಕೊಂಡು, ಹೆಬ್ಬಟ್ಟನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟರು. ಯಂತ್ರ ಒಂದು ಸಣ್ಣ ದನಿ ಮಾಡಿತು. ಪುಟ್ಟ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಹುಕ್ಕೇರಿಯ ಹೆಸರು ಮೂಡಿತು.

ಅವರು ಬಟ್ಟು ತೆಗೆದು ಅದನ್ನೇ ನೋಡಿದರು. ಸೀರೆಗೆ ಇನ್ನೊಮ್ಮೆ ಒರೆಸಿದರು, ಮತ್ತೆ ಇಟ್ಟರು. ಮತ್ತೆ ಅದೇ ಬಂತು. ಆಮೇಲೆ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದರು:

"ಸರ್, ನನ್ನ ಹೆಬ್ಬಟ್ಟಿನ್ಯಾಗೂ ಆಕೀನ ಅದಾಳೇನ್ರಿ?"

ಹಿಂದೆ ನಿಂತಿದ್ದವರು ಲಗೂ ಸರೀರಿ ಅಕ್ಕಾರ ಎಂದರು. ಅವರು ಸರಿದರು.